ಹುಣಸೆಹಣ್ಣಿನಲ್ಲಿ ನೆನೆದ ಹಿತ್ತಾಳೆ

ಪ್ರೀತಿಯ ಮಾವ,

ನಿಮ್ಮ ಬೇಸ್‌ಮೆಂಟಿನಲ್ಲಿ, ನಿಮ್ಮ ಸ್ಟೂಲಿನ ಮೇಲೆಯೇ ಕೂತು ಬರೆಯುತ್ತಿದ್ದೇನೆ. ಖಾಲಿ ತೋಟಾಗಳಿಗೆ ಮತ್ತೆ ಮದ್ದುಗುಂಡು ತುಂಬಲು ನೀವು ಬಳಸುತ್ತಿದ್ದ ಪ್ರೆಸ್ ಇನ್ನೂ ಇಲ್ಲೇ ಇದೆ. ಮಾರಿಬಿಡಿ ಎಂದು ಅಪ್ಪ ಹೇಳಿದ್ದರು, ಅತ್ತೆ ಒಪ್ಪಲಿಲ್ಲ.

ನಾನು ಹೈಸ್ಕೂಲು ಬಿಟ್ಟ ಚಳಿಗಾಲ ನೆನಪಿದೆಯೇ? ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ನೀವು ಎಲ್ಕ್ ಗ್ರೋವ್‌ನ ಕಾರ್ಖಾನೆಯಿಂದ ನೇರ ಬಂದು ನನ್ನನ್ನು ಇಲ್ಲಿಗೆ ಕರೆತಂದಿರಿ. ಗುಂಡು ಹಾರಿ ಖಾಲಿಯಾದ ತೋಟಾದ ಹಿತ್ತಾಳೆ ಕೇಸೊಂದನ್ನು ಕೈಗಿಟ್ಟಿರಿ. "ನೋಡೋ, ಮದುವೆ ಊಟ ಮಾಡಿದ ನಿಮ್ಮಪ್ಪನ ಥರ ಹೊಟ್ಟೆ ಉಬ್ಬಿಸ್ಕೊಂಡಿದೆ. ಇದನ್ನ ಮತ್ತೆ ಸಣ್ಣ ಮಾಡ್ಬೇಕು." ಹರಳೆಣ್ಣೆ ಸವರಿ ಪ್ರೆಸ್ಸಿನ ಡೈಯೊಳಗೆ, ಆ ಉಕ್ಕಿನ ಅಚ್ಚಿನೊಳಗೆ, ಒತ್ತುವುದನ್ನು ತೋರಿಸಿದಿರಿ. ನಾನು ಎಣ್ಣೆ ಧಾರಾಳವಾಗಿ ಬಳಿದೆ. ಎಣ್ಣೆ ಹೆಚ್ಚಾಗಿ ಕೇಸಿನ ಕತ್ತಿನ ಕೆಳಗಿನ ಭುಜ ನೆಗ್ಗಿತು. "ಅಭ್ಯಂಜನ ಮಾಡಿಸ್ಬೇಡ್ವೋ" ಎಂದು ನಕ್ಕು ಅದನ್ನು ಕಸಕ್ಕೆ ಹಾಕಿದಿರಿ. ಕೆನ್ನೆಯ ಪಕ್ಕದಲ್ಲೇ ಸಿಡಿಯುವ ವಸ್ತು, ಅನುಮಾನ ಬಂದದ್ದನ್ನು ಇಟ್ಟುಕೊಳ್ಳಬಾರದು ಎಂದಿರಿ. "ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ನಿನ್ನ ಇಲ್ಲಿ ಕೂರಿಸ್ಕೊಂಡಿರೋದು."

ಸೀಸದ ಗುಂಡುಗಳನ್ನು ತಟ್ಟೆಯಲ್ಲಿ ನಿಲ್ಲಿಸಿ, ಸುತ್ತ ಕರಗಿದ ಜೇನುಮೇಣ ಹೊಯ್ದ ಭಾನುವಾರವೂ ಕಣ್ಣ ಮುಂದಿದೆ. ಮೇಣಕ್ಕೆ ದನದ ಕೊಬ್ಬು ಬೆರೆಸು, ಚೆನ್ನಾಗಿ ಜಾರುತ್ತದೆ ಎಂದಿದ್ದ, ನೀವು ಗುಂಡು ಹಾರಿಸಲು ಹೋಗುತ್ತಿದ್ದ ರೇಂಜಿನ ಮುದುಕನಿಗೆ ನೀವು ಸಿಪಾಯಿ ದಂಗೆಯ ಕಥೆ ಪೂರ್ತಿ ಹೇಳಿದ್ದಿರಂತೆ. ಪಾಪ, ಆಮೇಲೆ ಅವನು ಆ ಮಾತೇ ಎತ್ತಲಿಲ್ಲ. ಮೇಣ ಕರಗಿಸಿದ ಅತ್ತೆಯ ಒಗ್ಗರಣೆ ಸೌಟು ಮಾತ್ರ ಅವತ್ತಿನಿಂದ ಅಡುಗೆಮನೆಗೆ ವಾಪಸ್ ಹೋಗಲಿಲ್ಲ.

ನೀವು ಕೊನೆಯ ಸಲ ಹಾರಿಸಿ ತಂದ ಕೇಸುಗಳು ಕಾಫಿ ಡಬ್ಬದಲ್ಲೇ ಇದ್ದವು. ವರ್ಷದ ತಿಥಿ ಮುಗಿದ ಮೇಲೆ ಅತ್ತೆ ಅಂದರು, "ಅವರ ಕೈ ಮುಟ್ಟಿದ್ದು ಇವೇ ಕೊನೇವು. ಮದ್ದು ತುಂಬಿಸಿ ಒಂದ್ಸಲ ಹಾರಿಸ್ಬಿಡೋ. ನಾನೂ ಬರ್ತೀನಿ." ನೀವು ಎಷ್ಟು ಕರೆದರೂ ರೇಂಜಿಗೆ ಬಾರದಿದ್ದವರು.

ಮರುದಿನ ನಾನು ಬರುವಷ್ಟರಲ್ಲಿ, ದೇವರ ಪಾತ್ರೆ ಬೆಳಗುವ ಹಾಗೆ ಅವನ್ನು ಬೆಳಗಿಬಿಟ್ಟಿದ್ದರು. ರಾತ್ರಿಯೆಲ್ಲ ಗಟ್ಟಿ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ. ಹಳದಿ ಹೋಗಿ ಹಿತ್ತಾಳೆ ಗುಲಾಬಿಯಾಗಿತ್ತು. ಆ ಬಣ್ಣ ಬಂದರೆ ಹುಳಿ ಒಳಗಿನ ಸತುವನ್ನು ತಿಂದಿದೆ, ಹಾರಿಸಿದರೆ ಕೇಸು ಒಡೆಯಬಹುದು ಎಂದು ನೀವೇ ಅಲ್ಲವೇ ಹೇಳಿಕೊಟ್ಟದ್ದು?

"ಹೆಂಗೆ ಹೊಳೀತಿದೆ ನೋಡು" ಅಂದರು, ಸೆರಗಿನಲ್ಲಿ ಒಂದನ್ನು ಒರೆಸುತ್ತ.

ನಾನೇನು ಹೇಳಲಿ ಮಾವ? ಬೇರೆ ಕೇಸು ತುಂಬಿಸಿ ಇವೇ ಅಂದಿದ್ದರೆ ಅವರಿಗೆ ಗೊತ್ತಾಗುತ್ತಿತ್ತೇ? ನೀವಾಗಿದ್ದರೆ...

"ಅತ್ತೆ, ಇವನ್ನ ಹಾರಿಸೋಕಾಗಲ್ಲ. ಹುಳಿ ತಿಂದ್ಬಿಟ್ಟಿದೆ. ಮಾವ ಇದ್ದಿದ್ರೆ ಎಸೀತಿದ್ರು."

"ಅಂದ್ರೆ ನಾನೇ ಹಾಳು ಮಾಡ್ದೆ."

"ಹೌದು ಅತ್ತೆ."

ಅತ್ತರು. ಕೈಯಲ್ಲಿದ್ದುದನ್ನು ಬಿಡಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಅಂದರು, "ಅವರೂ ಹೀಗೇ. ಸಾರು ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಾನೇ ಅಂತಿದ್ರು. ಬೇರೆ ಕೇಸ್ ತಾ. ನಂಗೂ ಕಲಿಸು."

ರೇಂಜಿನ ಆ ಮುದುಕ ತನ್ನ ಕೇಸುಗಳನ್ನೇ ಒಂದು ಡಬ್ಬ ಕೊಟ್ಟ. ಇವತ್ತು ಅತ್ತೆ ಎಣ್ಣೆ ಸವರಿದರು, ಹೇಳಿದಷ್ಟೇ, ತೆಳ್ಳಗೆ. ಪ್ರೆಸ್ಸಿನ ಹಿಡಿಯನ್ನು ಎರಡೂ ಕೈಯಲ್ಲಿ ಒತ್ತಿ, "ಹೊಟ್ಟೆ ಇಳೀತೇನೋ?" ಎಂದು ಕೇಳಿದರು. ನಿಮ್ಮ ಆ ಮಾತು ನಾನು ಅವರಿಗೆ ಹೇಳಿಕೊಟ್ಟದ್ದಲ್ಲ. ಅವರಿಗೆ ಅದು ಮೊದಲೇ ಗೊತ್ತಿತ್ತು.

ನಿಮ್ಮ ಗುಲಾಬಿ ಕೇಸುಗಳನ್ನು ತುಂಬಿಸುವುದಿಲ್ಲ, ಮಾತು ಕೊಡುತ್ತೇನೆ. ಎಸೆಯುವುದಕ್ಕೆ ಮಾತ್ರ ಅತ್ತೆ ಬಿಡಲಿಲ್ಲ. ಒಂದರೊಳಗೆ ಊದುಕಡ್ಡಿ ಸಿಕ್ಕಿಸಿ ನಿಮ್ಮ ಫೋಟೋ ಮುಂದೆ ಇಟ್ಟಿದ್ದಾರೆ. ಕಡ್ಡಿ ಸ್ವಲ್ಪ ವಾಲುತ್ತದೆ. ಶನಿವಾರ ನಾವಿಬ್ಬರೂ ರೇಂಜಿಗೆ ಹೋಗುತ್ತಿದ್ದೇವೆ.