ನಮ್ಮನೆಗೂ ಒಂದ್ಸಲ ಬನ್ನಿ

ಬ್ಯೂನಾ ವಿಸ್ಟಾ, ಸಿಂಗಪುರ
20 ಜೂನ್ 2016

ರೀ,

ನೀವು ಆಫೀಸ್ ಕೆಲಸಕ್ಕೆ ಬ್ರಸೆಲ್ಸ್‌ನಲ್ಲೇ ಉಳಿದಿರಿ. ಮಗಳೂ ನಾನೂ ಸುಖವಾಗಿ ಮನೆ ಸೇರಿದೆವು. ಫೋನಿನಲ್ಲಿ ಮಾತಾಡಿದರೆ ಹಾಲ್‌ಗೆ ಕೇಳಿಸುತ್ತದೆ, ಅದಕ್ಕೇ ಈ ಮೇಲ್.

ಒಂದು ದಿನದ ಮಟ್ಟಿಗೆ ಆ ಹಳೇ ಊರಿಗೆ ಹೋಗಿದ್ದೆವಲ್ಲ, ಅಲ್ಲಿನ ಮ್ಯೂಸಿಯಂ ಮನೆಯಲ್ಲಿ ಕುರ್ಚಿಯಲ್ಲಿ ಕೂತು ಲೇಸ್ ಹೆಣೆಯುವ ಹೆಂಗಸಿನ ಚಿತ್ರವಿತ್ತು. ಯಾರ ಮನೆಯಿಂದ ಹೊರಟರೂ ಹೇಳುವ ಅಭ್ಯಾಸ ನೋಡಿ, ಅವರಿಗೂ "ನಮ್ಮನೆಗೂ ಒಂದ್ಸಲ ಬನ್ನಿ" ಅಂದುಬಿಟ್ಟೆ. ನೀವು ನಕ್ಕಿರಿ.

ಅವರು ಬಂದಿದ್ದಾರೆ. ನನ್ನ ಕಣ್ಣಿಗೆ ಕಾಣಿಸುವುದಿಲ್ಲ. ಆದರೆ ಹಾಲ್‌ನ ಸೋಫಾದ ಮೇಲೆ ಅರ್ಧ ಹೆಣೆದ ಲೇಸ್ ಒಂದಿದೆ, ದಿನಾ ಬೆಳಿಗ್ಗೆ ಅದು ಇನ್ನೊಂದು ಗೇಣು ಉದ್ದವಾಗಿರುತ್ತದೆ. ಕರೆದವಳು ನಾನೇ, ಯಾವಾಗ ಹೊರಡುತ್ತೀರಿ ಎಂದು ಹೇಗೆ ಕೇಳಲಿ? ಕಾಫಿ ಮಾಡಿಡುತ್ತಿದ್ದೇನೆ.

ಇವತ್ತು ಅನಘಾ ಹೇಳಿದಳು: "ಅಮ್ಮಾ, ಆಂಟಿ ನಾಳಿದ್ದು ಹೊರಡ್ತಾರಂತೆ. ನಮ್ಮನೆಗೂ ಬಾ ಅಂದ್ರು. ಓಕೆ ಲಾ, ಬರ್ತೀನಿ ಅಂದೆ."

ನಾಳೆಯೇ ರಜೆ ಹಾಕಿ ಆ ಊರಿಗೆ ಹೋಗಿ. ಚಿತ್ರದಲ್ಲಿ ಅವರ ಖಾಲಿ ಕುರ್ಚಿಯ ಪಕ್ಕ ಇನ್ನೊಂದು ಪುಟ್ಟ ಕುರ್ಚಿ ಬಂದಿದೆಯೇ ನೋಡಿ. ಬಂದಿದ್ದರೆ ಹೇಗಾದರೂ ಮಾಡಿ ತೆಗೆಸಿ. ಫೋನ್ ಮಾತ್ರ ಮಾಡಬೇಡಿ.

ನಿಮ್ಮ
ಹಂಸಾ