ಕೊಡೆ ಹಿಡಿದ ಆನೆ

ಕೋಲಾರ
ಬುಧವಾರ

ಹೆಡ್‌ಮಾಸ್ಟರ್ ವೆಂಕಟರಮಣಪ್ಪನವರಿಗೆ ನಮಸ್ಕಾರ.

ನಮ್ಮ ಪತ್ರಿಕೆಯ ಮಕ್ಕಳ ಪುಟಕ್ಕೆಂದು ನಿಮ್ಮ ಐದನೇ ತರಗತಿಯವರು ಬರೆದ ಪುಸ್ತಕ ವಿಮರ್ಶೆಗಳು ತಲುಪಿದವು. ಹೋದ ತಿಂಗಳು ಕಥೆ ಬರೆಯುವುದನ್ನು ಹೇಳಿಕೊಡಲು ಬಂದಾಗ ‘ಕಳೆದುಹೋದ ಕೊಡೆ’ ಎಂಬ ಕಥೆಪುಸ್ತಕದ ಪ್ರತಿಗಳನ್ನು ನಿಮ್ಮ ಕೈಗೇ ಕೊಟ್ಟು ಹೋಗಿದ್ದೆ. “ಮಕ್ಳೆಲ್ಲ ಓದ್ಬಿಟ್ರು ಮೇಡಂ, ಎಲ್ರಿಗೂ ಇಷ್ಟ ಆಯ್ತು” ಎಂದು ಫೋನಿನಲ್ಲಿ ಹೇಳಿದಿರಿ.

ನನಗೇಕೋ ಅನುಮಾನ, ಸಾರ್. ಒಬ್ಬ ಹುಡುಗ ಆನೆಯ ಧೈರ್ಯವನ್ನು ಮೆಚ್ಚಿದ್ದಾನೆ. ಇನ್ನೊಬ್ಬಳಿಗೆ ಆನೆ ತಾಯಿಯನ್ನು ಸೇರಿದಾಗ ಅಳು ಬಂತಂತೆ. ಕೊಡೆ ಹಿಡಿದ ಆನೆ ಇರುವುದು ಮುಖಪುಟದಲ್ಲಿ ಮಾತ್ರ. ಚಿತ್ರಕಾರರು ಚೆಂದಕ್ಕೆಂದು ಬರೆದದ್ದು. ಒಳಗಿನ ಕಥೆಯಲ್ಲಿ ಆನೆಯೇ ಇಲ್ಲ.

ಇನ್‌ಸ್ಪೆಕ್ಷನ್ ಹೊತ್ತಿಗೆ ಹೊಸದಾಗಿಯೇ ಇರಲಿ ಎಂದು ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವ ಶಾಲೆಗಳನ್ನು ನೋಡಿದ್ದೇನೆ. ನಿಮ್ಮಲ್ಲಿ ಹಾಗಿರಲಾರದು ಎಂದೇ ಅಂದುಕೊಂಡೆ. ಆಮೇಲೆ ಮೌನಿಕಾ ಬರೆದದ್ದು ಕೈಗೆ ಬಂತು. ಈ ಭಾನುವಾರ ಅದೊಂದನ್ನೇ ಅಚ್ಚು ಹಾಕುತ್ತಿದ್ದೇವೆ. ದಯವಿಟ್ಟು ಅವಳನ್ನು ಬೈಯಬೇಡಿ. ಶನಿವಾರ ಟೇಕಲ್‌ನಲ್ಲಿ ರೈಲಿಳಿದು ಶಾಲೆಗೆ ಬರುತ್ತೇನೆ. ಅಷ್ಟರೊಳಗೆ ಬೀಗದ ಕೈ ಸಿಕ್ಕಿರಲಿ.

ಅವಳು ಬರೆದದ್ದು ಇಷ್ಟೇ:

“ಆನೆ ಗಾಜಿನ ಹಿಂದೆ ನಿಂತು ದಿನಾ ನನ್ನನ್ನೇ ನೋಡ್ತಾ ಇರುತ್ತೆ. ಬೀರು ಒಳಗೆ ಮಳೆ ಬರಲ್ಲ. ಆದ್ರೂ ಕೊಡೆ ಬಿಚ್ಕೊಂಡೇ ನಿಂತಿದೆ. ಯಾರಾದ್ರೂ ಬಾಗಿಲು ತೆಗೆದ್ರೆ ಹೊರಡೋಣ ಅಂತ ಇರಬೇಕು.”

ಇಂತಿ,
ಹಜೀರಾ