ಯಾರ ಹೆಸರೂ ಹೇಳದ ಸಭೆ

ತಮ್ಮಾ,

ನೀನು ತೀರಿಹೋದ ಮೇಲೂ ನಿನಗೆ ಸುದ್ದಿ ಒಪ್ಪಿಸುವ ಚಟ ಈ ಅಕ್ಕನಿಗೆ ಬಿಟ್ಟಿಲ್ಲ, ನೋಡು. ನೀನು ಕಟ್ಟಿದ ಲಾಂಡ್ರಿ ಸಂಘದ ಸಭೆ ನಿನ್ನೆ ನಡೆಯಿತು. ದೊಡ್ಡ ಬಾಯ್ಲರ್ ಬಿರುಕು ಬಿಟ್ಟಿದೆ, ಯಾವಾಗ ಬೇಕಾದರೂ ಸಿಡಿಯಬಹುದು ಎಂದು ಮೆಕ್ಯಾನಿಕ್ ಕೈಮುಗಿದು ಹೇಳಿದ. ರಿಪೇರಿ ಆಗುವವರೆಗೆ ಚಿಕ್ಕ ಬಾಯ್ಲರ್ ಹಚ್ಚಬಹುದು. ಆದರೆ ಅದರ ಹಬೆ ಅರ್ಧ ಜನರ ಕೆಲಸಕ್ಕಷ್ಟೇ ಸಾಕು.

"ಹಾಗಾದ್ರೆ ಯಾರನ್ನ ಮನೇಲಿ ಕೂರಿಸ್ತೀರಿ? ಹೆಸರು ಹೇಳಿ ನೋಡೋಣ!" ಎಂದಳು ಇಸ್ತ್ರಿಯವಳು. "ಈ ಮುದಿ ಬಾಯ್ಲರ್ ನಮ್ಮ ಮಾವ ಇದ್ದ ಹಾಗೆ. ಗೊಣಗತ್ತೆ, ಸಾಯಲ್ಲ."

ಎಲ್ಲರೂ ನಕ್ಕರು. ಯಾರ ಬಾಯಲ್ಲೂ ಹೆಸರು ಬರಲಿಲ್ಲ. ಯಾರ ಅನ್ನಕ್ಕೂ ಕಲ್ಲು ಹಾಕುವುದು ಬೇಡ, ದೊಡ್ಡದನ್ನೇ ಉರಿಸೋಣ ಎಂದು ಕೈ ಎತ್ತಿದರು. ನಾನೂ ಎತ್ತಿದೆ.

ಬಾಯ್ಲರ್ ಪಕ್ಕದ ಮಷಿನ್ ನಿನ್ನ ಮಗಳದು. ಬೆಳಿಗ್ಗೆ, "ಇವತ್ತು ಹೋಗ್ಬೇಡ ಕಣೇ, ಜ್ವರ ಅಂದ್ಬಿಡು," ಎಂದೆ.

"ನಾನು ಹೋಗ್ದಿದ್ರೆ ಅಲ್ಲಿ ಇನ್ಯಾರನ್ನೋ ನಿಲ್ಲಿಸ್ತಾರಲ್ಲ ಅತ್ತೆ. ಯಾರನ್ನ ನಿಲ್ಲಿಸ್ಲಿ? ನೀನೇ ಹೇಳು."

ಅಪ್ಪನಿಗೆ ತಕ್ಕ ಮಗಳು. ಅವಳು ಹೊರಟುಹೋದಳು.

ಬಾಯ್ಲರಿನ ಸದ್ದು ಮನೆಯವರೆಗೂ ಕೇಳುತ್ತದೆ. ಅದು ಕೇಳುತ್ತಲೇ ಇರಲಿ ಎಂದು ಕಿವಿಗೊಟ್ಟು ಕೂತಿದ್ದೇನೆ.